ಕೇಳದೆ ಬಿಟ್ಟ ಹನ್ನೊಂದು ಕಥೆಗಳು

ಪ್ರೀತಿಯ ಅತ್ತಿಗೆ,

ಫೋನಿನಲ್ಲಿ ಹೇಳಲು ಧೈರ್ಯ ಸಾಲದೆ ಬರೆಯುತ್ತಿದ್ದೇನೆ. ಭಾನುವಾರ, ನಮ್ಮೆಲ್ಲರ ಫೋಟೊ, ರೆಕಾರ್ಡಿಂಗ್ ಇಟ್ಟಿರುವ ನನ್ನ ಮನೆಯ ಸರ್ವರ್‌ಗೆ ಹೊಸ ಕರ್ನಲ್ (ಅದನ್ನು ನಡೆಸುವ ಮೂಲ ತಂತ್ರಾಂಶ) ಹಾಕಿ, ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮನ್ನು ಹೊಸ ಮಾದರಿಗೆ ಬದಲಿಸಿದೆ. ಹಾಗೆ ಬದಲಿಸುವಾಗ ಹಳೆಯದರ ಒಂದು ಪ್ರತಿ ಉಳಿದಿರುತ್ತದೆ. ಏನಾದರೂ ಕೆಟ್ಟರೆ ಅದಕ್ಕೆ ಮರಳಬಹುದು. ನಾಲ್ಕು ಫೋಟೊ ತೆರೆದು ನೋಡಿದೆ, ಚೆನ್ನಾಗಿದ್ದವು. ಜಾಗ ಸಾಲದೆಂದು ಆ ಪ್ರತಿಯನ್ನು ಅಳಿಸಿಬಿಟ್ಟೆ. "ನಿನ್ನ ಸರ್ವರ್‌ಗೆ ಎಷ್ಟು ಹಾಕಿದ್ರೂ ಹೊಟ್ಟೆ ತುಂಬಲ್ಲ ಕಣೇ" ಎಂದು ಅಣ್ಣ ನಗುತ್ತಿದ್ದನಲ್ಲ.

ಅವನು ಕೊನೆಯ ವಾರಗಳಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲೇ ಮಗಳು ಪುಟ್ಟಿಗೆಂದು ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟ ಹನ್ನೊಂದು ಕಥೆಗಳನ್ನು ಮಾತ್ರ ನಾನು ತೆರೆಯಲಿಲ್ಲ. ಅವಸರವಿತ್ತು ಎಂದು ಮೊದಲು ಬರೆದು ಹೊಡೆದುಹಾಕಿದೆ. ಅವನ ದನಿ ಕೇಳಲು ಹೆದರಿದೆ, ಅಷ್ಟೇ. ಸರ್ವರ್ ಈಗ ಮೊದಲಿಗಿಂತ ಚುರುಕಾಗಿ ಓಡುತ್ತಿದೆ. ಆ ಹನ್ನೊಂದಕ್ಕೆ ಹೆಸರಷ್ಟೇ ಉಳಿದಿದೆ, ಒಳಗೆ ಏನೂ ಇಲ್ಲ.

ಅಣ್ಣನ ಫೋನನ್ನು ಪುಟ್ಟಿಯಿಂದ ತೆಗೆದುಕೊಂಡು, ಆಫ್ ಮಾಡಿ ಕಳಿಸಿ. ಏನೂ ಸಿಗಲಾರದು, ಆದರೂ ನೋಡುತ್ತೇನೆ. "ಎಲ್ಲ ನನ್ನ ಹತ್ರ ಭದ್ರವಾಗಿದೆ ಅತ್ತಿಗೆ, ಫೋನ್ ಖಾಲಿ ಮಾಡಿ ಅವಳಿಗೇ ಕೊಟ್ಟುಬಿಡಿ" ಎಂದು ನಾನೇ ಹೇಳಿದ್ದೆ. ನೀವು ನಂಬಿ ಹಾಗೆಯೇ ಮಾಡಿದಿರಿ.

ನಿಮ್ಮ ನಾದಿನಿ