ಮುಚ್ಚುವ ಗುಂಡಿಯ ಮೇಲಿನ ಮಾತು

ಶಿರವಾಡ, ಕಾರವಾರ
ಗುರುವಾರ

ವನಮಾಲಾ ಅಕ್ಕೋರಿಗೆ ಉಮೇಶನ ನಮಸ್ಕಾರ.

ಅವರ್ಸಾ ಶಾಲೆಯಲ್ಲಿ ನಿಮ್ಮಿಂದ ಅಕ್ಷರ ಕಲಿತವನು ನಾನು. ಮೊದಲು ಕಂಪ್ಯೂಟರ್ ಆಟಗಳನ್ನು ತಯಾರಿಸುತ್ತಿದ್ದೆ. ಈಗ ಬ್ಲಾಗಿನಲ್ಲಿ ಜನರಿಗೆ ಬದುಕುವ ಬಗೆ ಹೇಳಿ ಬೈಸಿಕೊಳ್ಳುತ್ತೇನೆ.

‘ಮನೆಯಿಂದ ಹೊರಡುವಾಗ ಬತ್ತೆ, ಬರುತ್ತೇನೆ ಅನ್ನಬೇಡಿ, ಹೋಗ್ತೆ ಅನ್ನಿ, ಬತ್ತೆ ಅಂದವರು ಹೊಸಿಲು ದಾಟುವುದಿಲ್ಲ’ ಎಂದು ಬರೆದವನೂ ನಾನೇ. ನಿಮ್ಮ ಮಗಳು ವಿಭಾ ಅದನ್ನೋದಿ, ಕಾರವಾರದ ಕೆಲಸಕ್ಕೆ ಹೊರಟ ದಿನ ‘ಹೋಗ್ತೆ’ ಅಂದಳೆಂದು, ಸತ್ತವರಷ್ಟೇ ಹಾಗೆ ಹೋಗುವುದು ಎಂದು ನೀವು ಬಾಗಿಲು ಹಾಕಿಕೊಂಡಿರೆಂದು ನಿಮ್ಮ ಕಾರ್ಡಿನಿಂದ ತಿಳಿಯಿತು. ಎಂಟು ತಿಂಗಳಿಂದ ಇಬ್ಬರಿಗೂ ಮಾತಿಲ್ಲ.

ನೂರಾರು ಜನ ಬೈದರೂ ನಾನು ಜಗ್ಗಿರಲಿಲ್ಲ. ನಿಮ್ಮ ಕಾರ್ಡಿನ ಕೊನೆಯ ಸಾಲಿಗೆ ಜಗ್ಗಿದೆ: ‘ನಿನ್ನ ಏಡಿ ಹಿಡಿಯೂ ಆಟದಲ್ಲಿ, ಆಟ ಮುಚ್ಚೂ ಗುಂಡಿ ಮೇಲೆ ಬತ್ತೆ ಅಂತ ನೀನೇ ಬರ್ದಿದ್ಯಲೋ, ಮರ್ತ್ ಹೋಯ್ತನಾ?’

ಮರೆತೇ ಹೋಗಿತ್ತು, ಅಕ್ಕೋರೇ.

ವಿಭಾ ಕೆಲಸಕ್ಕೆ ಹೋದದ್ದು ಸರಿ. ಆ ಮಾತು ನಾನು ಬಿಡುವುದಿಲ್ಲ. ‘ಹೋಗ್ತೆ’ ಹೇಳಿಕೊಟ್ಟದ್ದು ತಪ್ಪು. ಬ್ಲಾಗಿನಲ್ಲೂ ಹಾಗೇ ಬರೆದೆ. ಓದಿ ಅವಳೇ ನನಗೆ ಫೋನು ಮಾಡಿದಳು. ಭಾನುವಾರ ಊಟಕ್ಕೆ ಬರುತ್ತಾಳೆ, ಸಂಜೆ ಬಸ್ಸಿಗೆ ವಾಪಸು. ಕೆಲಸ ಬಿಡು ಎಂದು ಮಾತ್ರ ಹೇಳಬೇಡಿ. ಬಂಗಡೆ ಸಿಕ್ಕರೆ ಸಾರು ಮಾಡಿ. ಹೊರಡುವಾಗ ಅವಳು ಹೊಸಿಲಲ್ಲಿ ತಡವರಿಸಿದರೆ ಸ್ವಲ್ಪ ಕಾಯಿರಿ. ಹೇಳುವ ಒಂದು ಮಾತು ಬಾಕಿ ಇದೆಯಂತೆ.

ನನಗೂ ಒಂದು ಎಲೆ ಹಾಕುವಿರಾದರೆ,

ಬತ್ತೆ,
ಉಮೇಶ