ಹೊಳೆಯ ಹುಳ

ಫೆಬ್ರುವರಿ ೧೧, ಬುಧವಾರ. ದೇವದುರ್ಗ.

ಮೊಸಳೆಗೆ ‘ಕ್ರೊಕೊಡೈಲ್’ ಎಂಬ ಹೆಸರು ಬಂದದ್ದು ‘ಹರಳುಗಲ್ಲಿನ ಹುಳ’ ಎನ್ನುವ ಹಳೆಯ ಗ್ರೀಕ್ ಮಾತಿನಿಂದಂತೆ ಎಂದು ಇವತ್ತು ಇಂಗ್ಲಿಷ್ ತರಗತಿಯಲ್ಲಿ ಹೇಳಿದೆ. ಮಕ್ಕಳು ನಕ್ಕರು. ನಾನೂ ನಗುತ್ತಲೇ ಅವರಿಂದ ಹತ್ತು ಸಲ ಆ ಹೆಸರು ಕೂಗಿಸಿದೆ.

ಬಿಸಿಯೂಟ ಮಾಡುವ ಗೋಪಮ್ಮ ಬಾಗಿಲಲ್ಲೇ ನಿಂತಿದ್ದಳು. ‘ಹೊಳ್ಯಾಗಿರೋ ಅದಕ್ಕ ನಾವೂ ಹುಳ ಅಂತೀವ್ರಿ ಟೀಚರ್. ಹೆಸರು ಹಿಡಿದು ಕರದ್ರ ಬರ್ತದ. ನಮ್ಮ ಮನಿಯವ್ರು ನಸುಕಿನ್ಯಾಗ ಮೀನ ಹಿಡಿಯಾಕ ಹೊಳಿಗೆ ಇಳೀತಾರ.’

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೆ ಗ್ರೀಕರೂ ಹೀಗೇ ಹೆದರಿ ಹುಳ ಎಂದರೇನೋ ಅನ್ನಿಸಿದಾಗಿನಿಂದ ನಿದ್ದೆ ಹತ್ತುತ್ತಿಲ್ಲ. ಮೇಲೆ ಬರೆದ ಕನ್ನಡ, ಇಂಗ್ಲಿಷ್ ಎರಡೂ ಹೆಸರುಗಳ ಮೇಲೆ ಈಗ ಗೀಟು ಎಳೆದಿದ್ದೇನೆ.

ಎಳೆದರೂ ಓದಲು ಬರುತ್ತಿವೆ.