ಅರ್ಜಿಯಲ್ಲಿದ್ದ ನಂಬರು

ಜೂನ್ ಹನ್ನೆರಡು, ಗುರುವಾರ.

ಆ ಮೊಬೈಲ್ ನಂಬರು ತಲೆಯಿಂದ ಹೋಗುತ್ತಿಲ್ಲ. ಜೀವವಿಮೆ ಏಜೆಂಟ್ ಲೈಸೆನ್ಸಿನ ನನ್ನ ಅರ್ಜಿಯನ್ನು ಮ್ಯಾನೇಜರರು ತಾವೇ ತುಂಬಿ, "ಇಲ್ಲೊಂದು ಸೈನ್ ಹಾಕ್ಬಿಡಿ ಮೇಡಂ, ಓದೋದೇನಿಲ್ಲ" ಅಂದರು. ಇಂಥ ಬೆಣ್ಣೆ ಮಾತು ಕೇಳಿದರೇ ನನಗೆ ಅನುಮಾನ. ಓದಿದೆ. ಹೆಸರು ನನ್ನದು, ಫೋಟೋ ನನ್ನದು, ಫೋನ್ ನಂಬರು ಮಾತ್ರ ಅವರದು.

"ಇದ್ಯಾಕೆ ಸರ್?"

"ಓಟಿಪಿ ಗೀಟಿಪಿ ತಲೆನೋವು ನಿಮಗ್ಯಾಕೆ? ಎಲ್ಲಾ ನಾನೇ ನೋಡ್ಕೋತೀನಿ."

ಅವರ ಕಣ್ಣೆದುರೇ ಅದನ್ನು ಹೊಡೆದುಹಾಕಿ ನನ್ನ ನಂಬರು ಬರೆದೆ. ಅವರು ನಕ್ಕರು. "ನಿಮ್ಮಕ್ಕ ಹೀಗೆಲ್ಲಾ ಕೇಳಿರ್ಲಿಲ್ಲ."

ಅಕ್ಕ ಮೂರು ವರ್ಷದಿಂದ ಅವರ ಕೈಕೆಳಗೆ ಏಜೆಂಟ್. ಊಟವಾದ ಮೇಲೆ ಫೋನ್ ಮಾಡಿದೆ.

"ನನ್ನದ್ರಲ್ಲಿ ಯಾರ ನಂಬರಿದೆಯೋ, ನೋಡೇ ಇಲ್ಲ ಕಣೇ" ಅಂದಳು.

ಮೂರು ವರ್ಷ, ಅವಳ ಹೆಸರಿನಲ್ಲಿ ಆ ಮನುಷ್ಯ ಓಟಿಪಿಗಳನ್ನೆಲ್ಲ ತನ್ನ ಫೋನಿಗೇ ತರಿಸಿಕೊಂಡು ಏನೇನು ಮಾಡಿದ್ದಾನೋ.